ಎಡಗಿವಿಯ ಎಮಿಲ್ ಸೈನ್ಯಕ್ಕೆ ಸೇರಿದ್ದು

ಸೋಮವಾರ ಬೆಳಿಗ್ಗೆ ಎಮಿಲ್ ಗ್ರಬೆಕ್ ಬ್ರೆಡ್ ತರಲು ಹೊರಟದ್ದೇ ತಪ್ಪಾಯಿತು. ಹಿಂದಿನ ದಿನದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಚೆಂಡು ಅಪ್ಪಿಕೊಂಡು ಓಡುತ್ತಿದ್ದಾಗ ಎದುರಾಳಿಗಳೆಲ್ಲ ಮೈಮೇಲೆ ಬಿದ್ದು, ಅವನ ಬಲಗಣ್ಣು ಬದನೆಕಾಯಿಯಾಗಿತ್ತು.

"ಏನಪ್ಪಾ, ಈ ಗಾಯ ಯಾವ ರಣರಂಗದ್ದು?" ಎಂದಳು ಬೇಕರಿಯ ಬ್ರಾಂಕಾ ಅಜ್ಜಿ. ಅವಳ ಇಬ್ಬರು ಮೊಮ್ಮಕ್ಕಳು ಎರಡನೇ ಮಹಾಯುದ್ಧಕ್ಕೆ ಹೋಗಿ ಇಟಲಿಯಲ್ಲಿ ಕಾದಾಡುತ್ತಿದ್ದರು.

"ಎಡಗಿವಿ ಕೇಳಲ್ಲ ಅಂತ ಸೈನ್ಯದೋರೇ ಬೇಡ ಅಂದ್ರಲ್ಲ ಅಜ್ಜಿ."

"ಓಹೋ! ಆಡೋಕೆ ಕೇಳುತ್ತೆ, ಕಾದಾಡೋಕೆ ಕೇಳಲ್ಲ!"

ಸಾಲಿನಲ್ಲಿದ್ದವರೆಲ್ಲ ಕಿಸಕ್ಕೆಂದರು. ಎಮಿಲ್‌ಗೆ ರೇಗಿಹೋಯಿತು. "ಇವತ್ತು ಸಂಜೆಯೊಳಗೆ ಸೈನಿಕ ಆಗದಿದ್ರೆ ನನ್ನ ಹೆಸರು ಎಮಿಲ್ ಅಲ್ಲ!" ಎಂದು ಬ್ರೆಡ್ಡನ್ನೂ ಬಿಟ್ಟು ನಡೆದ.

ಅವನ ಧೈರ್ಯಕ್ಕೆ ಕಾರಣವಿತ್ತು. ಚಿಕ್ಕಂದಿನಿಂದ ಕೆಪ್ಪಾಗಿದ್ದ ಆ ಕಿವಿಯಿಂದಾಗಿ ಅವನು ಜನರ ತುಟಿ ನೋಡಿಯೇ ಮಾತು ತಿಳಿಯುವುದನ್ನು ಕಲಿತಿದ್ದ. ಎದುರಾಳಿಗಳು ತಲೆಗೆ ತಲೆ ಸೇರಿಸಿ ಹೂಡುವ ಹಂಚಿಕೆಯನ್ನು ಮೈದಾನದ ಆಚೆಯಿಂದಲೇ ಓದಿಬಿಡುತ್ತಿದ್ದ. ಅವನ ಆಟದ ಬದುಕೆಲ್ಲ ನಿಂತದ್ದು ಇದರ ಮೇಲೆ.

ಭರ್ತಿ ಕಚೇರಿಯಲ್ಲಿ ವೈದ್ಯರು ಕಿವಿ ಪರೀಕ್ಷೆಗೆಂದು ಅವನ ಬಲಗಿವಿ ಮುಚ್ಚಿಸಿ, ಎಡಕ್ಕೆ ನಿಂತು ಒಂದೊಂದೇ ಪದ ಪಿಸುಗುಟ್ಟಿದರು. ಎದುರಿನ ಔಷಧಿ ಬೀರುವಿನ ಗಾಜಿನಲ್ಲಿ ಅವರ ತುಟಿ ಸ್ಪಷ್ಟವಾಗಿ ಕಾಣುತ್ತಿತ್ತು.

"ಕುಂಬಳಕಾಯಿ," ಎಂದ ಎಮಿಲ್. "ಅರವತ್ತಾರು. ಚಿಕಾಗೋ."

"ಪಾಸು!" ಎಂದರು ವೈದ್ಯರು.

ಎಮಿಲ್‌ನ ಎದೆ ಉಬ್ಬಿತು. ಅಷ್ಟರಲ್ಲಿ ವೈದ್ಯರು ಗಾಜಿನ ಬಾಗಿಲಿನಾಚೆ ಮೇಜರ್ ಜೊತೆ ಮಾತಿಗೆ ನಿಂತರು. ಅಭ್ಯಾಸಬಲದಿಂದ ಅವನ ಕಣ್ಣು ಅತ್ತ ಹೋಯಿತು.

"ಕಿವಿ ಕೇಳಲ್ಲ ಸಾರ್, ಬೀರು ನೋಡ್ಕೊಂಡು ಹೇಳ್ತಿದ್ದ."

"ಇರಲಿ ಬಿಡ್ರೀ! ನಿನ್ನೆ ಇವನ ಆಟ ನೋಡಿದೀನಿ. ನಮ್ಮ ಶಿಬಿರದ ತಂಡ ನೌಕಾಪಡೆಯೋರ ಕೈಲಿ ಸೋತು ಸುಣ್ಣ ಆಗಿದೆ. ಯುದ್ಧ ಮುಗಿಯೋವರೆಗೂ ಇವನು ಫುಟ್‌ಬಾಲ್ ಮೈದಾನ ಬಿಟ್ಟು ಕದಲಬಾರದು."

ಎಮಿಲ್ ಬಾಗಿಲು ತಳ್ಳಿಕೊಂಡು ನುಗ್ಗಿದ. "ನಾನು ಬಂದಿರೋದು ಯುದ್ಧಕ್ಕೆ ಸಾರ್, ಆಟಕ್ಕಲ್ಲ! ನಾನು ಆಡಲ್ಲ!"

"ಆಜ್ಞೆ ಅಂದ್ರೆ ಆಜ್ಞೆ. ಕೇಳಿಸ್ತಾ?"

"ಇಲ್ಲ ಸಾರ್! ನನ್ನ ಎಡಗಿವಿ ಪೂರಾ ಕೆಪ್ಪು!"

"ಅದು ಹೇಗಯ್ಯಾ? ಈಗಷ್ಟೇ ಪಾಸಾದೆಯಲ್ಲ!"

ಸಂಜೆ ಸಮವಸ್ತ್ರ ತೊಟ್ಟು ಅವನು ಬೇಕರಿಗೆ ಬಂದ. ಅಜ್ಜಿಯ ಕಣ್ಣು ತುಂಬಿಬಂತು. ಒಲೆಯಿಂದ ಆಗತಾನೇ ತೆಗೆದ ಬ್ರೆಡ್ಡನ್ನು ಅವನ ಕೈಗಿಟ್ಟಳು.

"ನನ್ನಪ್ಪಾ, ಯಾವಾಗ ಯುದ್ಧ?"

"ಭಾನುವಾರ."

"ಯಾರ ಮೇಲೆ? ಜರ್ಮನ್ನರೋ, ಜಪಾನಿನವರೋ?"

ಎಮಿಲ್ ತಲೆಯೆತ್ತಿ ಸಾಲಿನವರೆಲ್ಲರಿಗೂ ಕೇಳುವಂತೆ ಹೇಳಿದ: "ನಮ್ಮ ನೌಕಾಪಡೆ ಮೇಲೆ! ಫುಟ್‌ಬಾಲು!"

ಅಜ್ಜಿ ಬ್ರೆಡ್ಡನ್ನು ಕಿತ್ತುಕೊಳ್ಳಲು ಕೈಹಾಕುವಷ್ಟರಲ್ಲಿ ಅವನು ಅದನ್ನು ಕಚ್ಚಿಬಿಟ್ಟಿದ್ದ.