ಗಾಡಿ ಹತ್ತದ ಮಲಾಯಿ

ಎಲ್ಲಕ್ಕೂ ಕಾರಣ ಎಂಟು ಮೀಟರ್ ಗುಲಾಬಿ ಬಟ್ಟೆ.

ಅತ್ತೆ ಶೇವಂತಾಬಾಯಿ ಅದನ್ನು ಉದಗೀರದಿಂದ ತರಿಸಿದ್ದಳು. ಮದುಮಗನನ್ನು ಮಂಟಪದವರೆಗೆ ಕರೆತರುವ ಅಳಿಯನಿಗೆ ಅತ್ತೆ ಎಲ್ಲರೆದುರು ತಲೆಗೆ ಫೇಟಾ ಕಟ್ಟುವುದು ಆ ಮನೆಯ ಪದ್ಧತಿ. ಅಳಿಯಂದಿರು ಇಬ್ಬರು, ಫೇಟಾ ಒಂದೇ. ಹಿರಿಯ ಅಳಿಯ ಕೈಲಾಶನ ಹತ್ತಿರ ಕಾರಿತ್ತು. ಕಿರಿಯ ಅಳಿಯ ಏಕನಾಥ ಭಾಲ್ಕಿಯ ಒಂದು ಹಾಸ್ಟೆಲಿನಲ್ಲಿ ಗುಮಾಸ್ತ. ಅವನ ಹತ್ತಿರ ಇದ್ದದ್ದು ಬಾಯಿ.

"ಕಾರಿನ್ಯಾಗ ಯಾರು ಬೇಕಾದ್ರೂ ಬರ್ತಾರ್ರಿ ಅತ್ತಿ. ನಮ್ಮ ನಾಗಸೇನ ಬಿಳಿ ಕುದುರಿ ಮ್ಯಾಲ ಬರ್ಬೇಕು. ನಾ ತರ್ತೇನಿ," ಎಂದುಬಿಟ್ಟ.

ಶೇವಂತಾಬಾಯಿಯ ಮುಖ ಅರಳಿತು. "ನಮ್ಮ ಮನಿಯವರು ಲಗ್ನಕ್ಕ ಸಾಮಾನಿನ ಲಾರಿ ಹಿಂದ ನಿಂತು ಬಂದಿದ್ರು. ಮಗ ಕುದುರಿ ಮ್ಯಾಲ ಬಂದ್ರ ನನಗ ಮತ್ತೇನು ಬೇಕು? ಆದ್ರ ನೋಡ್ರಿ, ಹನ್ನೊಂದಕ್ಕ ಕುದುರಿ ಬೀದರಿನ್ಯಾಗ ನಮ್ಮ ಮನಿ ಮುಂದ ಇರ್ಬೇಕು. ಇಲ್ಲಾಂದ್ರ ಕೈಲಾಶನ ಕಾರು."

ಕೈಲಾಶ ಮರುದಿನವೇ ಕಾರಿಗೆ ಹೂ ಕಟ್ಟುವವನಿಗೆ ಮುಂಗಡ ಕೊಟ್ಟು ಬಂದ.

ಕುದುರೆ ಸಿಕ್ಕಿದ್ದು ಔರಾದ ತಾಲ್ಲೂಕಿನ ಎಕಂಬಾದಲ್ಲಿ. ಹಾವಗೆಪ್ಪ ಎಂಬ ಒಂಟಿ ಮುದುಕನ ಹತ್ತಿರ ಮೂರು ವರ್ಷದ ಹೆಣ್ಣು ಕುದುರೆಯಿತ್ತು. ಹಾಲಿನ ಕೆನೆಯ ಬಣ್ಣ, ಹೆಸರು ಮಲಾಯಿ. ಮುದುಕ ತನ್ನ ಮಾಸಿದ ಗುಲಾಬಿ ರುಮಾಲು ಸರಿಮಾಡಿಕೊಳ್ಳುತ್ತ, "ಊರ ಸುತ್ತ ನಾಕು ಮೆರವಣಿಗಿ ಮಾಡ್ಯದರಿ. ಗಾಡಿ ಮಾತ್ರ ಹತ್ತಿಲ್ಲ. ಚಿಂತಿ ಮಾಡಬ್ಯಾಡ್ರಿ, ನಾನೇ ನಿಂತು ಹತ್ತಿಸಿ ಕೊಡ್ತೇನಿ," ಎಂದಿದ್ದ.

ಲಗ್ನದ ದಿನ ಬೆಳಿಗ್ಗೆ ಏಳಕ್ಕೆ ಏಕನಾಥ ಡ್ರೈವರ್ ಖಾಲಿದನ ಪಿಕಪ್ಪಿನಲ್ಲಿ ಎಕಂಬಾಕ್ಕೆ ಬಂದಿಳಿದ. ಹೆಗಲ ಚೀಲದಲ್ಲಿ ಗುಲಾಬಿ ಫೇಟಾ. ಇಸ್ತ್ರಿಗೆಂದು ಅತ್ತೆ ಅದನ್ನು ಕಿರಿಯ ಮಗಳು ಉಜ್ವಲಾಳ ಕೈಗೆ ಕೊಟ್ಟಿದ್ದಳು. ಕುದುರೆಯ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಂಡರೆ ತಪ್ಪೇನು ಎಂದು ಏಕನಾಥ ಹೆಂಡತಿಗೆ ಹೇಳದೆ ಎತ್ತಿಕೊಂಡು ಬಂದಿದ್ದ.

ಹಾವಗೆಪ್ಪನ ಮನೆಗೆ ಬೀಗ. ಪಕ್ಕದ ಮನೆಯ ಸಲಾವೋದ್ದೀನ ಹಲ್ಲುಜ್ಜುತ್ತ ಬಂದ.

"ಹಾವಗೆಪ್ಪ ನಿನ್ನೆ ಕಣ್ಣಿನ ಆಪರೇಶನ್‌ಗಿ ಬೀದರಿಗಿ ಹೋಗ್ಯಾನ್ರಿ. ಒಮ್ಮಿಂದೊಮ್ಮಿ ಕರದ್ರಂತ. ಕುದುರಿ ಕೊಟ್ಟು ಕಳಸು ಅಂತ ನನಗ ಹೇಳ್ಯಾನ."

"ಹತ್ತಿಸೋದು ಹ್ಯಾಂಗ ಅಂತ ಹೇಳ್ಯಾನೇನು?"

"ಅದಕ್ಕೇನ್ ಹೇಳೂದದ? ನಾಕು ಕಾಲು ಅವ, ಹತ್ತತದ."

ಏಕನಾಥ ಹಾವಗೆಪ್ಪನಿಗೆ ಫೋನ್ ಮಾಡಿದ. ಬಂದಾಗಿತ್ತು.

ಪಿಕಪ್ಪಿನ ಹಿಂದೆ ಹಲಗೆ ಇಟ್ಟರು. ಮಲಾಯಿ ಮೂಸಿ ನೋಡಿತು, ಹಿಂದೆ ಸರಿಯಿತು, ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗಿಯಂತೆ ಬೇರೆ ಕಡೆ ನೋಡುತ್ತ ನಿಂತಿತು. ಏಕನಾಥ ಒಳಗೆ ನಿಂತು ನೆನೆಸಿದ ಕಡಲೆ ತೋರಿಸಿದ. ಅದು ಕಾಲು ಕದಲಿಸದೆ ಕುತ್ತಿಗೆಯನ್ನಷ್ಟೇ ಉದ್ದ ಮಾಡಿ ಬುಟ್ಟಿ ಖಾಲಿ ಮಾಡಿತು. ಅಷ್ಟರಲ್ಲಿ ಅರ್ಧ ಊರು ಸೇರಿತ್ತು, ಒಬ್ಬೊಬ್ಬರ ಹತ್ತಿರ ಒಂದೊಂದು ಉಪಾಯ.

"ಕಣ್ಣಿಗಿ ಟಾವೆಲ್ ಕಟ್ರಿ!"

ಕಟ್ಟಿದರು. ಮಲಾಯಿ ಕಣ್ಣು ಕಟ್ಟಿಸಿಕೊಂಡೇ ಪಿಕಪ್ಪಿಗೆ ಎರಡು ಸುತ್ತು ಹಾಕಿ ಹೊರಟ ಜಾಗಕ್ಕೆ ಬಂದು ನಿಂತಿತು.

"ಹಿಂದಿಂದ ನೂಕ್ರಿ!"

ನೂಕಿದರು. ಕುದುರೆ ಮುಂದೆ ಹೋಗಲಿಲ್ಲ, ಒದೆ ತಿಂದ ಏಕನಾಥ ಹಿಂದೆ ಹೋದ. ಎದ್ದಾಗ ಅವನು ತಿಪ್ಪೆಯಲ್ಲಿದ್ದ.

"ಅದಕ್ಕ ಜೋಡಿ ಬೇಕರಿ," ಎಂದು ಸಲಾವೋದ್ದೀನ ತನ್ನ ಆಡನ್ನು ತಂದು ಹಲಗೆಗೆ ಬಿಟ್ಟ. ಆಡು ಟಕಟಕ ಹತ್ತಿ ಒಳಗೆ ಹೋಗಿ ಹಾಯಾಗಿ ಮಲಗಿತು. ಮಲಾಯಿ ಆಸಕ್ತಿಯಿಂದ ನೋಡಿತೇ ಹೊರತು ಹತ್ತಲಿಲ್ಲ. ಆಮೇಲೆ ಆಡನ್ನು ಇಳಿಸುವುದೇ ಒಂದು ಕೆಲಸವಾಯಿತು.

ಅದೇ ಹೊತ್ತಿಗೆ ಅತ್ತೆಯ ಫೋನ್.

"ಎಲ್ಲಿಗಿ ಬಂದ್ರಿ ಅಳಿಯಂದ್ರ?"

"ಹೊಂಟೇವ್ರಿ ಅತ್ತಿ. ಔರಾದ ಹಂತೇಲಿ ಇದ್ದೇವಿ."

ಆಡು ಗಟ್ಟಿಯಾಗಿ ಒದರಿತು.

"ಅದೇನ್ರಿ, ನಿಮ್ಮ ಕುದುರಿ ಆಡಿನಂಗ ಒದರ್ತದ?"

"ಸಣ್ಣ ವಯಸ್ಸಿಂದರಿ, ದನಿ ಇನ್ನಾ ಒಡದಿಲ್ಲ," ಎಂದು ಏಕನಾಥ ಫೋನಿಟ್ಟ. ಗಂಟೆ ಎಂಟೂವರೆ. ಬೀದರಿಗೆ ಎರಡು ತಾಸಿನ ದಾರಿ.

ಖಾಲಿದ ಕೈಗಡಿಯಾರ ನೋಡಿದ. "ಭೈ, ಕುದುರಿ ಬಿಟ್ಟು ಆಡು ಒಯ್ಯೋಣೇನು? ಅದು ತಯಾರದ."

ಎಲ್ಲರೂ ನಕ್ಕರು. ಸಲಾವೋದ್ದೀನ ಮಾತ್ರ ಗಡ್ಡ ನೀವುತ್ತ ಯೋಚಿಸುತ್ತಿದ್ದ. "ಸಾಹೇಬ್ರ, ತಪ್ಪು ನಮ್ಮದೇ ಅದ. ಇದು ಲಗ್ನದ ಕುದುರಿ. ಮದಿಮಗ ಇಲ್ದೆ ಯಾಕ ಹತ್ತತದ? ಮದಿಮಗನ್ನ ತೋರಸ್ರಿ."

"ಮದಿಮಗ ಬೀದರಿನ್ಯಾಗ ಅರಿಷಿಣ ಹಚ್ಚಿಸ್ಕೊಂಡು ಕುಂತಾನ!"

"ಹಂಗಾರ ನೀವೇ ಆಗ್ರಿ. ಅದಕ್ಕೇನು ಲಗ್ನಪತ್ರಿಕಿ ಓದಲಿಕ್ಕ ಬರ್ತದೇನು?"

ಬೇರೆ ದಾರಿಯಿರಲಿಲ್ಲ. ಏಕನಾಥ ಚೀಲದಿಂದ ಫೇಟಾ ತೆಗೆದು ತಲೆಗೆ ಸುತ್ತಿಕೊಂಡ. ಬಾಲವನ್ನು ಬೆನ್ನ ಮೇಲೆ ಇಳಿಬಿಟ್ಟ. ಖಾಲಿದ ಪಿಕಪ್ಪಿನ ಮುಂಭಾಗಕ್ಕೆ ಕಟ್ಟಿದ್ದ ಚೆಂಡುಹೂವಿನ ಹಾರ ಬಿಚ್ಚಿ ಅವನ ಕೊರಳಿಗೆ ಹಾಕಿದ.

ಮಲಾಯಿಯ ಕಿವಿಗಳೆರಡೂ ನೆಟ್ಟಗೆ ನಿಂತವು. ಅದು ಗುಂಪನ್ನು ಸೀಳಿಕೊಂಡು ನೇರ ಏಕನಾಥನ ಹತ್ತಿರ ಬಂತು. ಅವನು ಹೆದರಿ ಹಿಂದೆ ಸರಿದ, ಅದು ಮುಂದೆ ಬಂತು. ಅವನು ಹಲಗೆಯ ಮೇಲೆ ಓಡಿದ, ಅದೂ ಹಿಂದೆಯೇ ಓಡಿ ಹತ್ತಿತು. ಪಿಕಪ್ಪಿನ ಮೂಲೆಯಲ್ಲಿ ಅವನನ್ನು ಒತ್ತಿಹಿಡಿದು, ಫೇಟಾದ ಬಾಲವನ್ನು ಬಾಯಲ್ಲಿಟ್ಟುಕೊಂಡು ಅರೆಗಣ್ಣು ಮುಚ್ಚಿತು.

"ನೋಡ್ರಿ!" ಸಲಾವೋದ್ದೀನ ತೊಡೆ ತಟ್ಟಿದ. "ಮದಿಮಗನ ಸೆರಗು ಹಿಡದದ! ಖಾನದಾನಿ ಕುದುರಿ!"

ಖಾಲಿದ ತಡಮಾಡದೆ ಬಾಗಿಲು ಹಾಕಿದ.

ಊರು ದಾಟಿದ ಮೇಲೆ ಏಕನಾಥ ಇಳಿದು ಮುಂದೆ ಕೂರಲು ನೋಡಿದ. ಅವನ ಒಂದು ಕಾಲು ಹೊರಗೆ ಹೋದದ್ದೇ ತಡ, ಮಲಾಯಿ ಪಿಕಪ್ಪು ಮುರಿಯುವಂತೆ ಒದೆಯತೊಡಗಿತು. ಕಾಲು ಒಳಗೆ ಬಂದಾಗ ಸುಮ್ಮನಾಯಿತು. "ಭೈ, ನೀ ಅಲ್ಲೇ ನಿಂದ್ರು. ಗಾಡಿ ಹೊಸಾದದ," ಎಂದ ಖಾಲಿದ.

ಹೀಗೆ ಏಕನಾಥ ಹಾರ ಹಾಕಿಕೊಂಡು, ಫೇಟಾ ಸುತ್ತಿಕೊಂಡು, ಸಾಮಾನಿನ ಗಾಡಿಯ ಹಿಂದೆ ನಿಂತು ಔರಾದ ಪೇಟೆಯನ್ನು ಪ್ರವೇಶಿಸಿದ. ಖಾಲಿದನಿಗೆ ಚಹಾ ಬೇಕಾಗಿತ್ತು. ಗಾಡಿ ನಿಂತದ್ದು ಮನ್ಮಥಪ್ಪನ ಹೋಟೆಲಿನೆದುರು. ಕೈಲಾಶನ ಕಚೇರಿ ಔರಾದಿನಲ್ಲೇ, ಅವನು ದಿನವೂ ಚಹಾ ಕುಡಿಯುವುದು ಇಲ್ಲಿಯೇ.

ಮನ್ಮಥಪ್ಪ ಒಲೆ ಬಿಟ್ಟು ಹೊರಗೆ ಬಂದ. "ಅರೆ, ನೀವು ಕೈಲಾಶ ಸಾಹೇಬ್ರ ಸಡ್ಡಕರಲ್ಲ? ಇದೇನ್ರಿ, ಮತ್ತೊಂದು ಲಗ್ನೇನು?"

"ಛೆ! ಕುದುರಿಗೋಸ್ಕರ್ರಿ!"

"ಕುದುರಿಗೋಸ್ಕರ ಯಾರಾದ್ರೂ ಮದಿಮಗ ಆಗ್ತಾರೇನ್ರಿ? ಇರ್ಲಿ, ಇರ್ಲಿ. ಗಂಡಸರು ಅಂದ ಮ್ಯಾಲ..." ಎನ್ನುತ್ತ ಮನ್ಮಥಪ್ಪ ಫೋನ್ ತೆಗೆದು ವಿಡಿಯೋ ಮಾಡಿದ. ಪಿಕಪ್ಪು ಬೀದರ ಮುಟ್ಟುವ ಒಂದು ತಾಸು ಮೊದಲೇ ವಿಡಿಯೋ ಕೈಲಾಶನಿಗೆ, ಕೈಲಾಶನಿಂದ ಮನೆಯ ಗ್ರೂಪಿಗೆ, ಗ್ರೂಪಿನಿಂದ ಉಜ್ವಲಾಳಿಗೆ ಮುಟ್ಟಿತ್ತು.

ಹನ್ನೊಂದು ಗಂಟೆಯಾಗಿ ಹದಿನೈದು ನಿಮಿಷ. ನಾಗಸೇನನ ಒಂದು ಕಾಲು ಕೈಲಾಶನ ಕಾರಿನೊಳಗಿತ್ತು, ಇನ್ನೊಂದು ಹೊರಗೆ. ಪಿಕಪ್ಪು ಬಂದು ನಿಂತಿತು. ಎಲ್ಲರಿಗಿಂತ ಮುಂದೆ ಉಜ್ವಲಾ ಬಂದಳು, ಕೈಯಲ್ಲಿ ಫೋನು.

"ಯಾರು ಅಕಿ?"

ಏಕನಾಥ ಹಿಂದೆ ಕೈತೋರಿಸಿದ. "ಇಕಿ."

ಮಲಾಯಿ ಅವನ ಹೆಗಲ ಮೇಲಿಂದ ಉದ್ದ ಮುಖ ಚಾಚಿತು, ಬಾಯಲ್ಲಿ ಗುಲಾಬಿ ಬಟ್ಟೆ. ಉಜ್ವಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ ಅಲ್ಲೇ ಕುಳಿತುಬಿಟ್ಟಳು.

ಶೇವಂತಾಬಾಯಿ ಮಾತ್ರ ನಗಲಿಲ್ಲ. ಕುದುರೆಯನ್ನು ಕಿವಿಯಿಂದ ಗೊರಸಿನವರೆಗೆ ನೋಡಿದಳು. "ನಾಗಸೇನಾ, ಕಾರಿನಿಂದ ಇಳಿ," ಎಂದಳು.

ಮೆರವಣಿಗೆ ಹಾಗೆ ಬೀದರಿನ ಆ ಓಣಿಯಲ್ಲಿ ಹಿಂದೆ ನಡೆದಿರಲಿಲ್ಲ. ಬ್ಯಾಂಡು ಬಾರಿಸಲಿ, ಪಟಾಕಿ ಸಿಡಿಯಲಿ, ಮಲಾಯಿ ಬೆಚ್ಚಲಿಲ್ಲ. ಏಕನಾಥ ಮುಂದೆ, ಫೇಟಾದ ಬಾಲ ಹಿಡಿದು ಅದು ಹಿಂದೆ, ಅದರ ಮೇಲೆ ನಾಗಸೇನ. ಲಗಾಮು ಹಿಡಿಯುವ ಅಗತ್ಯವೇ ಬೀಳಲಿಲ್ಲ. ಕೈಲಾಶನ ಹೂವಿನ ಕಾರು ಎಲ್ಲರ ಹಿಂದೆ ಹಾರ್ನು ಹಾಕುತ್ತ ತೆವಳಿತು.

ಮಂಟಪದ ಬಾಗಿಲಲ್ಲಿ ಶೇವಂತಾಬಾಯಿ ಆ ಫೇಟಾವನ್ನು ಬಿಚ್ಚಿ, ಎಂಜಲು ಒರೆಸಿ, ಇನ್ನೊಮ್ಮೆ ತನ್ನ ಕೈಯಿಂದಲೇ ಏಕನಾಥನಿಗೆ ಕಟ್ಟಿದಳು. "ನಮ್ಮ ಮನಿಯವರು ಇರಬೇಕಾಗಿತ್ತು," ಎಂದಳು, ಅಷ್ಟೇ. ಏಕನಾಥನಿಗೆ ತಿಪ್ಪೆ, ಒದೆ, ವಿಡಿಯೋ ಎಲ್ಲ ಮರೆತುಹೋಯಿತು. ಬುದ್ಧನ ಮುಂದೆ ತ್ರಿಸರಣ ಹೇಳಿ ಮುಗಿದು ವಧೂವರರ ಮೇಲೆ ಹೂ ಬಿದ್ದವು. ಮದುಮಗನ ಪಕ್ಕದ ಕುರ್ಚಿ, ಮುಂದೆ ತುಂಬಿದ ಎಲೆ, ಎಲೆಯಲ್ಲಿ ಹೋಳಿಗೆ. ಅವನು ಮೊದಲ ತುತ್ತು ಮುರಿದ.

ಹಿಂದೆ ಶಾಮಿಯಾನಾ ಹರಿದ ಸದ್ದು. ಬೆನ್ನ ಮೇಲೆ ಬಿಸಿ ಉಸಿರು.

ಕಟ್ಟಿದ ಹಗ್ಗ ಕಿತ್ತುಕೊಂಡು ಬಂದ ಕುದುರೆಯನ್ನು ನೋಡಿ ಊಟಕ್ಕೆ ಕುಳಿತವರು ಎದ್ದು ಓಡುತ್ತಿರುವಾಗ, ಬಾಗಿಲಿನಿಂದ ಒಬ್ಬ ಮುದುಕ ಒಳಗೆ ಬಂದ. ಒಂದು ಕಣ್ಣಿಗೆ ಹಸಿರು ಪಟ್ಟಿ, ಬೋಳು ತಲೆ. ಹಾವಗೆಪ್ಪ! ಆಸ್ಪತ್ರೆಯಿಂದ ಬಿಟ್ಟ ಕೂಡಲೇ ನೇರ ಬಂದಿದ್ದ. "ಮಲಾಯಿ, ಬಾ ಅವ್ವಾ," ಎಂದು ಕರೆದ. ಮಲಾಯಿ ಅವನನ್ನು ಅಪರಿಚಿತನಂತೆ ನೋಡಿ, ಮತ್ತೆ ಗುಲಾಬಿ ಬಟ್ಟೆ ಚೀಪತೊಡಗಿತು.

ಹಾವಗೆಪ್ಪ ಹಣೆ ಬಡಿದುಕೊಂಡ. "ಫೇಟಾ ಯಾಕ ಸುತ್ತಿದ್ರಿ ಸಾಹೇಬ್ರ? ಇದು ಹುಟ್ಟಿದ ಎಂಟು ದಿನಕ್ಕ ಇದರ ತಾಯಿ ಸತ್ತದ. ಬಾಟ್ಲಿ ಬಾಯಾಗ ಹಿಡೀಲಿಲ್ಲ. ನನ್ನ ರುಮಾಲಿನ ತುದಿ ಹಾಲಿನ್ಯಾಗ ಎದ್ದಿ ಚೀಪಿಸಿ ಬೆಳಸೇನಿ. ಗುಲಾಬಿ ರುಮಾಲು ಕಂಡ್ರ ಮುಗೀತು."

"ಮತ್ತ ಕುದುರಿ ನನಗ ಮದಿಮಗ ಅಂತ ತಿಳದದ ಅಂತ ಸಲಾವೋದ್ದೀನ ಅಂದ?" ಎಂದ ಏಕನಾಥ.

"ಮದಿಮಗ ಎಲ್ಲಿಂದ ಬಂತ್ರಿ? ನೀವು ಅದರ ತಾಯಿ!"

ಉಜ್ವಲಾ ಮತ್ತೆ ಕುಳಿತುಬಿಟ್ಟಳು.

"ಈಗ ನಿನ್ನ ರುಮಾಲು ಸುತ್ಕೊಂಡು ಕರ್ಕೊಂಡು ಹೋಗು," ಎಂದ ಏಕನಾಥ.

"ಹದಿನೈದು ದಿನ ತಲಿಗಿ ಏನೂ ಬಿಗಿಬ್ಯಾಡ ಅಂತ ಡಾಕ್ಟರ್ ಅಂದಾರ್ರಿ. ಹಳೀ ರುಮಾಲು ಬ್ಯಾರೆ ಆಸ್ಪತ್ರ್ಯಾಗ ಎಲ್ಲೋ ಕಳದದ. ನೀವೇ ಮನಿತನಕ ಬಿಟ್ಟು, ಆ ಫೇಟಾ ಗೂಟಕ್ಕ ತೂಗಹಾಕಿ ಬರ್ರಿ. ನನ್ನ ಕಣ್ಣು ಆರಾಮ ಆಗೂತನ ಅಲ್ಲೇ ಇರ್ಲಿ."

ಏಕನಾಥ ಕೈಲಾಶನ ಕಡೆ ತಿರುಗಿದ. "ಅಣ್ಣಾ, ಈ ಫೇಟಾ ನಿನಗೇ ಇರ್ಲಿ. ಹಿರಿಯ ಅಳಿಯ ನೀನು."

ಎಂಟು ದಿನದಿಂದ ಆ ಫೇಟಾದ ಕನಸು ಕಂಡ ಕೈಲಾಶ ಎರಡು ಹೆಜ್ಜೆ ಹಿಂದೆ ಸರಿದ. "ಛೆ ಛೆ ತಮ್ಮಾ, ಅತ್ತಿ ಕಟ್ಟಿದ ಮಾನ ಅದು. ನಾ ಮುಟ್ಟಬಾರ್ದು," ಎಂದವನೇ ಏಕನಾಥನ ಖಾಲಿ ಕುರ್ಚಿಯಲ್ಲಿ ಕುಳಿತು, ಮುರಿದಿಟ್ಟ ಹೋಳಿಗೆಗೆ ತುಪ್ಪ ಬಡಿಸಲು ಹೇಳಿದ.

ಪಿಕಪ್ಪು ಮರಳಿ ಹೊರಟಿತು. ಹಾವಗೆಪ್ಪ ಖಾಲಿದನ ಪಕ್ಕ ಮುಂದಿನ ಸೀಟಿನಲ್ಲಿ ನಿದ್ದೆಹೋದ. ಹಿಂದೆ ಏಕನಾಥ, ಬಾಡಿದ ಹಾರ, ಮಲಾಯಿ. ಔರಾದ ಬಂದಾಗ ಖಾಲಿದನಿಗೆ ಮತ್ತೆ ಚಹಾ ಬೇಕಾಯಿತು.

ಮನ್ಮಥಪ್ಪ ಹೊರಗೆ ಬಂದು ನೋಡಿದ. ಬೆಳಿಗ್ಗೆ ಹಾರ ಹಾಕಿಕೊಂಡು ಹೋದವನು ಮಧ್ಯಾಹ್ನ ಅದೇ ಹಾರದಲ್ಲಿ ಒಬ್ಬನೇ ಮರಳಿದ್ದ, ಜೊತೆಗೆ ಕುದುರೆ. ಮನ್ಮಥಪ್ಪನ ಮನಸ್ಸು ಕರಗಿತು. ತಾನೇ ಚಹಾದ ಗ್ಲಾಸು ತಂದು ಮೇಲೆ ಚಾಚಿದ.

"ತಗೋರಿ, ರೊಕ್ಕ ಬ್ಯಾಡ. ಹೆಣ್ಣಿನವರು ಒಪ್ಪಲಿಲ್ಲೇನ್ರಿ?"

ಏಕನಾಥ ಬಾಯಿ ತೆರೆದ. ಹಿಂದಿನಿಂದ ಮಲಾಯಿ ಫೇಟಾ ಒಮ್ಮೆ ಜಗ್ಗಿತು. ಅವನು ಚಹಾ ತೆಗೆದುಕೊಂಡ. ಮನ್ಮಥಪ್ಪ ಮರುಗುತ್ತಲೇ ಇನ್ನೊಂದು ಕೈಯಿಂದ ಫೋನ್ ತೆಗೆದು ವಿಡಿಯೋ ಶುರುಮಾಡಿದ.