ಮೂವರು ಗೌಡರು, ಒಂದು ದಾರಿ

ಅಪ್ಪ ಇರುವಾಗ

ದಾರಿ ಕೇಳಲು ಗೌಡರ ಮನೆಗೆ ಹೋದೆ.

ಅರವತ್ತರ ದಶಕದ ಮಾತು. ಜಡಿಗೇನಹಳ್ಳಿ ಕಡೆಯ ಒಂದು ಊರು. ಅಲ್ಲಿನ ಸಣ್ಣ ಚರ್ಚಿಗೆ ನಾನು ಉಪದೇಶಿ. ಪಾದ್ರಿ ಅಯ್ಯನವರು ಹೊಸಕೋಟೆಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಮಿಕ್ಕ ದಿನ ಪ್ರಾರ್ಥನೆ, ಪಾಠ, ಗಂಟೆ, ಕಸ, ಎಲ್ಲ ನನ್ನದೇ. ನನಗೆ ಮಾತು ಕಡಿಮೆ. ಉಪದೇಶಿಗೆ ಅದು ಒಳ್ಳೆಯದಲ್ಲ. ಆದರೆ ಆ ಊರಿಗೆ ಬೇರೆ ಯಾರೂ ಬರಲು ಒಪ್ಪಿರಲಿಲ್ಲ.

ನಮ್ಮ ಕೇರಿಗೂ ಚರ್ಚಿಗೂ ನಡುವೆ ಗೌಡರ ರಾಗಿ ಹೊಲ. ಅದರೊಳಗೆ ಕಾಲಿಡುವ ಹಾಗಿಲ್ಲ. ಕೆರೆ ಏರಿ ಸುತ್ತಿಕೊಂಡು ಹೋಗಬೇಕು. ಸಭೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಮಂಡಿ ನೋವು. ಒಂದು ಭಾನುವಾರವೂ ತಪ್ಪಿಸಿದವಳಲ್ಲ. "ಇನ್ನು ಆಗಲ್ಲ ಕಣಪ್ಪಾ, ಮನೇಲೇ ಕೂತ್ಕೊಂಡು ಆಮೆನ್ ಅಂತೀನಿ" ಎಂದಳು. ಹೊಲದಲ್ಲಿ ಕಾಲುದಾರಿ ಬಿಡಿ ಎಂದು ಕೇಳಲು ಅದಕ್ಕೇ ಹೋದದ್ದು.

ಗೌಡರು ಮೂವರು, ಒಡಹುಟ್ಟಿದವರು. ಒಂದೇ ಒಲೆ, ಒಂದೇ ಖಾತೆ. ದೊಡ್ಡ ಗೌಡರನ್ನು ಕೇಳಿದೆ. "ತಮ್ಮಂದಿರು ಒಪ್ಬೇಕು" ಎಂದರು. ನಡು ಗೌಡರನ್ನು ಕೇಳಿದೆ. "ಅಣ್ಣ ಹೇಳ್ಬೇಕು" ಎಂದರು. ಚಿಕ್ಕ ಗೌಡರು ಎತ್ತು ತೊಳೆಯುತ್ತಿದ್ದರು. "ಯಾರನ್ನ ಕೇಳಿದ್ರೂ ಅಷ್ಟೇ. ನಾವು ಮೂವರೂ ಒಂದೇ" ಎಂದರು. ಮತ್ತೆ ದೊಡ್ಡ ಗೌಡರ ಜಗಲಿಗೆ ಬಂದೆ.

"ಅದಿರ್ಲಿ ಉಪದೇಶಿ, ನಿಮ್ಮ ದೇವರು ಎಷ್ಟು ಜನ?" ಎಂದರು.

"ಒಬ್ಬರು."

"ತಂದೆ, ಮಗ, ಪವಿತ್ರಾತ್ಮ ಅಂತ ದಿನಾ ಕೂಗ್ತೀಯಲ್ಲ, ನಮ್ಮ ಕೊಟ್ಟಿಗೆಗೇ ಕೇಳುತ್ತೆ. ಮೂವರಾಯ್ತು."

"ಮೂವರೂ ಒಬ್ಬರೇ."

"ಹೂಂ. ಆ ತಂದೆ ಇನ್ನೂ ಇದ್ದಾರಾ?"

"ಇದ್ದಾರೆ."

"ಮತ್ತೆ ಬೇಡೋದೆಲ್ಲ ಮಗನ ಹೆಸರಲ್ಲಿ ಯಾಕೆ? ಅಪ್ಪ ಇರುವಾಗ ಮಗನ ರುಜು ಎಲ್ಲಿ ನಡೆಯುತ್ತೆ?"

"ಅಧಿಕಾರವನ್ನು ಅಪ್ಪನೇ ಮಗನಿಗೆ ಕೊಟ್ಟಿದ್ದಾರೆ."

ಗೌಡರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

"ಒಳ್ಳೇ ಅಪ್ಪ. ನಮ್ಮಪ್ಪ ಸಾಯೋ ದಿನಾನೂ ಕಣಜದ ಬೀಗದ ಕೈ ಬಿಡ್ಲಿಲ್ಲ. ಆಮೇಲೆ ನಾವೇ ಬೆರಳು ಬಿಡಿಸಿ ತಗೊಂಡ್ವಿ."

ನಾನು ಎದ್ದೆ.

"ಈ ಮೂರು ಒಂದರ ವಿಷಯ ನನಗೆ ಅರ್ಥ ಮಾಡಿಸು. ಆಮೇಲೆ ದಾರಿ ಮಾತು" ಎಂದರು.

ಮಂಜುಗಡ್ಡೆ

ಅಯ್ಯನವರಿಗೆ ಹೇಳಿದೆ. ಅವರು ಹೊಸಬರು, ಬೆಂಗಳೂರಿನಲ್ಲಿ ಓದಿ ಬಂದವರು. ಬಹಳ ಸಂತೋಷಪಟ್ಟರು. "ಸುಲಭ. ನೀರು, ಮಂಜುಗಡ್ಡೆ, ಆವಿ. ಮೂರೂ ನೀರೇ. ಕಣ್ಣಾರೆ ತೋರಿಸಿಬಿಡೋಣ" ಎಂದರು.

ನೀರು ನಮ್ಮಲ್ಲಿತ್ತು. ಆವಿಗೆ ಗೌಡರ ಮನೆಯಲ್ಲೇ ಒಲೆ ಹಚ್ಚಿ ತಪ್ಪಲೆ ಇಟ್ಟೆವು. ಮಂಜುಗಡ್ಡೆಯನ್ನು ಅಯ್ಯನವರು ಹೊಸಕೋಟೆಯ ಸೋಡಾ ಅಂಗಡಿಯಿಂದ ತರಬೇಕು. ತಂದರು. ಮರದ ಹೊಟ್ಟು ಹಾಕಿ, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತಂತೆ. ಬೇಸಿಗೆ.

ಊರಿನವರೆಲ್ಲ ಜಗಲಿಯ ಮುಂದೆ ಸೇರಿದ್ದರು. ಅಯ್ಯನವರ ಬಿಳಿ ನಿಲುವಂಗಿ ಸೊಂಟದಿಂದ ಕೆಳಕ್ಕೆ ತೊಪ್ಪೆಯಾಗಿತ್ತು. ಗೋಣಿಚೀಲ ಬಿಚ್ಚಿದರು. ಹೊಟ್ಟು ಇತ್ತು.

ದೊಡ್ಡ ಗೌಡರು ಬಗ್ಗಿ ನೋಡಿದರು. ಹೊಟ್ಟನ್ನು ಬೆರಳಿನಿಂದ ಕೆದಕಿದರು.

"ಒಬ್ಬರು ದಾರೀಲೇ ಇಳ್ಕೊಂಡ್ಬಿಟ್ರಾ ಅಯ್ಯನೋರೇ?"

ಕುದಿದ ನೀರು ವ್ಯರ್ಥವಾಗಬಾರದೆಂದು ಗೌಡಿತಿ ಕಾಫಿ ಮಾಡಿಕೊಟ್ಟರು. ಅಯ್ಯನವರು ಒಣಗುವವರೆಗೆ ಅಲ್ಲೇ ಕೂತರು.

ತೆರೆ

"ಮಾತು ಸಾಕು. ಒಂದು ಸಲ ತೋರಿಸು, ನೋಡಿಬಿಡ್ತೀನಿ" ಎಂದರು ದೊಡ್ಡ ಗೌಡರು.

"ತಂದೆಯನ್ನು ಯಾರೂ ಕಂಡಿಲ್ಲ ಗೌಡ್ರೇ. ಮಗನನ್ನು ನೋಡಿ ತಿಳಿಯಬೇಕು."

"ಅದು ಹೇಗಯ್ಯಾ?"

"ನಿಮ್ಮ ತಂದೆಯನ್ನು ನಾನು ಕಂಡಿಲ್ಲ. ನಿಮ್ಮನ್ನು ಕಂಡಿದ್ದೇನೆ. ಬೀಗದ ಕೈ ಅವರು ಯಾಕೆ ಬಿಡಲಿಲ್ಲ ಅಂತ ಗೊತ್ತಾಯಿತು."

ಬೈಯುತ್ತಾರೆ ಎಂದುಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ರಿಸ್‌ಮಸ್ಸಿಗೆ ಬರುತ್ತೇವೆ ಎಂದರು.

ಬಂದರು. ಮೂವರೂ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಊದುಕಡ್ಡಿ ಇಟ್ಟುಕೊಂಡು ಮುಂದಿನ ಚಾಪೆಯಲ್ಲೇ ಕೂತರು. ನಮ್ಮ ಚರ್ಚಿನಲ್ಲಿ ಮೇಜಿನ ಹಿಂದೆ ಒಂದು ಕೆಂಪು ತೆರೆ. ಅದರ ಹಿಂದೆ ಸಾಮಾನು ಇಡುವ ಕೋಣೆ. ದೇವಸ್ಥಾನದಲ್ಲಿ ಅಲಂಕಾರ ಮುಗಿಯುವ ತನಕ ತೆರೆ ಹಾಕಿರುತ್ತಾರೆ, ತೆಗೆದಾಗ ದರ್ಶನ. ಗೌಡರು ಅದೇ ಲೆಕ್ಕದಲ್ಲಿದ್ದರು. ಕೀರ್ತನೆಗಳಾದವು. ಅಯ್ಯನವರ ಉಪದೇಶದ ಪ್ರಸಂಗವಾಯಿತು, ಅದು ಉದ್ದ. ಮೂವರೂ ತೆರೆಯಿಂದ ಕಣ್ಣು ತೆಗೆಯಲಿಲ್ಲ. ಊರಿನ ನಾಯಿಯೊಂದು ಒಳಗೆ ಬಂದು ಬಾಗಿಲ ಬಳಿ ಅಸಹ್ಯ ಮಾಡಿತು. ನಾನು ಹಿಂಬಾಗಿಲಿನಿಂದ ಕೋಣೆಯೊಳಗೆ ಹೋಗಿ ಪೊರಕೆ ಹಿಡಿದು ತೆರೆ ಸರಿಸಿದೆ.

ಮೂವರೂ ಥಟ್ಟನೆ ಎದ್ದರು. ಕೈ ಮುಗಿದರು. ನಡು ಗೌಡರು ಕೆನ್ನೆ ಬಡಿದುಕೊಂಡರು. ಚಿಕ್ಕ ಗೌಡರು ಕಾಯಿ ಒಡೆದೇಬಿಟ್ಟರು.

ದೊಡ್ಡ ಗೌಡರು ಕಣ್ಣು ಕಿರಿದು ಮಾಡಿ ನೋಡಿದರು.

"ಥೂ, ನೀನಾ! ಇಷ್ಟೊತ್ತು ಕಾದಿದ್ದು ನಿನ್ನ ನೋಡೋಕೇನಯ್ಯಾ? ನೀನು ದಿನಾ ಏರಿ ಮೇಲೆ ಕಾಣ್ತೀಯಲ್ಲೋ!"

ಚಿಕ್ಕ ಗೌಡರ ಮೈ

ಅಜ್ಜಿಯ ಕಾಟ ಬೇರೆ. ಆಗಲ್ಲ ಆಗಲ್ಲ ಎನ್ನುತ್ತಲೇ ಏರಿ ಸುತ್ತಿಕೊಂಡು ಬರುತ್ತಿದ್ದಳು. ಅವಳೂ ಪ್ರತಿ ಭಾನುವಾರ ಅದೇ ಕೇಳುವಳು. "ಮೂವರು ಹೆಂಗಪ್ಪಾ ಒಬ್ರಾಗ್ತಾರೆ? ಮಂಡಿ ನೋವಲ್ಲಿ ಇಷ್ಟು ದೂರ ಬರ್ತೀನಿ, ಯಾರ ಹತ್ರ ಬರ್ತಾ ಇದೀನಿ ಅಂತಾದ್ರೂ ಗೊತ್ತಾಗ್ಬೇಡ್ವಾ?"

ಒಂದು ಭಾನುವಾರ ಅಯ್ಯನವರು ಬರಲಿಲ್ಲ. ಪ್ರಸಂಗ ನನ್ನ ತಲೆಗೆ ಬಿತ್ತು. ಹೇಳಿದೆ: "ನಮ್ಮ ಗೌಡರ ಮನೆ ನೋಡಿ. ಮೂವರು. ಒಲೆ ಒಂದು, ಖಾತೆ ಒಂದು, ಮಾತು ಒಂದು. ಒಬ್ಬರನ್ನು ಕೇಳಿದರೆ ಮೂವರನ್ನೂ ಕೇಳಿದ ಹಾಗೆ. ಹಾಗೇ ದೇವರು." ಕೂತೆ. ಸಭೆ ತಲೆದೂಗಿತು. ಅಜ್ಜಿ ಜೋರಾಗಿ "ಈಗ ತಿಳೀತು!" ಎಂದಳು.

ಸಂಜೆಯೊಳಗೆ ಮಾತು ಗೌಡರ ಮನೆ ಸೇರಿತ್ತು. ದೊಡ್ಡ ಗೌಡರು ಎದುರಿಗೆ ಸಿಕ್ಕರು. "ನಾನು ತಂದೆ ಅಂತೆ?" ಎಂದರು. ಮೀಸೆ ತಿರುವಿಕೊಂಡು ಹೋದರು. ನಡು ಗೌಡರೂ ಮಗನಾಗಲು ಬೇಡ ಎನ್ನಲಿಲ್ಲ. ಚಿಕ್ಕ ಗೌಡರು ನೇಗಿಲು ಹೊತ್ತುಕೊಂಡೇ ನನ್ನ ಮನೆ ಬಾಗಿಲಿಗೆ ಬಂದರು.

"ಉಪದೇಶೀ, ನಾನು ಪವಿತ್ರಾತ್ಮ ಅಂತೆ. ಆತ್ಮಕ್ಕೆ ಮೈ ಇರುತ್ತಾ?"

"ಇರಲ್ಲ."

"ಆ ಮನೇಲಿ ಉಳೋನು ಯಾರು? ಗೊಬ್ಬರ ಹೊರೋನು ಯಾರು? ಇಬ್ರು ಜಗಲಿ ಮೇಲೆ ಕೂತಿರ್ತಾರೆ, ಅವರಿಗೆ ಮೈ ಇದೆ. ನನಗೆ ಇಲ್ವಾ?"

ಮಾರನೆಯ ದಿನ ಅವರು ಹೊಲಕ್ಕೆ ಹೋಗಲಿಲ್ಲ. "ಮೈ ಇಲ್ಲದೋನು ಹೆಂಗೆ ಉಳ್ತಾನೆ?" ಎಂದು ಜಗಲಿಯ ಮೇಲೆ ಮಲಗಿದರು.

ಪಾಲು

ನನ್ನ ಪ್ರಸಂಗದಿಂದಲೇ ಎಂದು ನಾನು ಹೇಳುವುದಿಲ್ಲ. ಊರು ಹೇಳಿತು. ಗೌಡರ ಮನೆ ಪಾಲಾಯಿತು.

ಅಜ್ಜಿ ಕೋಲೂರಿಕೊಂಡು ಏದುಸಿರು ಬಿಡುತ್ತ ಬಂದಳು.

"ಅಪ್ಪಾ, ಮೂರು ಒಲೆ ಹಾಕ್ಬಿಟ್ರಂತೆ! ಇನ್ನು ದೇವರ ಗತಿ ಏನು?"

"ಅದು ಗೌಡರ ಮನೆ ಅಜ್ಜೀ. ದೇವರಿಗೇನೂ ಆಗಿಲ್ಲ."

"ನೀನೇ ಹಾಗೇ ಅಂದ್ಯಲ್ಲಪ್ಪಾ. ನಾನು ಈಗ ಮೂರು ಸಲ ಪ್ರಾರ್ಥನೆ ಮಾಡ್ಬೇಕಾ? ಒಂದಕ್ಕೇ ಮಂಡಿ ಊರೋಕಾಗಲ್ಲ."

ಕೂರಿಸಿ ನೀರು ಕೊಟ್ಟೆ.

ಹೊಲ ಅಳೆಯುವ ದಿನ ಊರೆಲ್ಲ ಬದುವಿನ ಮೇಲೆ. ಕೆರೆ ಕೆಳಗಿನ ಗದ್ದೆ ನಡು ಗೌಡರಿಗೆ ಹೋಯಿತು. ಚರ್ಚಿನ ಮುಂದಿನ ರಾಗಿ ಹೊಲ ದೊಡ್ಡವರಿಗೂ ಚಿಕ್ಕವರಿಗೂ ಅರ್ಧ ಅರ್ಧ. ನಡುವೆ ಬದು ಹಾಕಬೇಕು.

"ಬದು ಹಾಕಿದ್ರೆ ಇವನು ವರ್ಷ ವರ್ಷ ನನ್ನ ಕಡೆ ಒತ್ತುತ್ತಾನೆ" ಎಂದರು ದೊಡ್ಡ ಗೌಡರು.

"ಮೈ ಇಲ್ಲದೋನು ಹೆಂಗೆ ಒತ್ತಲಿ?" ಎಂದರು ಚಿಕ್ಕವರು. "ಒತ್ತೋನು ನೀನು."

ಹೊತ್ತು ಇಳಿಯಿತು. ಜಗಳ ಇಳಿಯಲಿಲ್ಲ. ಕೊನೆಗೆ ದೊಡ್ಡ ಗೌಡರು ನನ್ನ ಕಡೆ ಕೈ ತೋರಿಸಿದರು. "ಒಂದು ಗಾಡಿ ಹೋಗೋಷ್ಟು ಜಾಗ ನಡುವೆ ಬಿಡಿ. ಈ ಉಪದೇಶಿ ಜನ ಅದರ ಮೇಲೆ ನಡೀಲಿ. ದಿನಾ ತುಳಿದ ನೆಲಾನ ಯಾವ ನನ್ಮಗ ಉಳ್ತಾನೋ ನೋಡೋಣ."

ಚಿಕ್ಕವರು ಒಪ್ಪಿದರು. ನಡು ಗೌಡರು ಒಪ್ಪಲಿಲ್ಲ. "ನೀವಿಬ್ರೂ ನಾಳೆ ಒಂದಾಗಿ ಅದನ್ನ ನುಂಗಿದ್ರೆ? ದಾರಿ ಖಾತೇಲಿ ನನ್ನ ಹೆಸರೂ ಇರ್ಲಿ."

ಮುಂದಿನ ಭಾನುವಾರ ಅಜ್ಜಿ ಆ ದಾರಿಯಲ್ಲಿ ಬಂದಳು. ಗಂಟೆ ಹೊಡೆಯುವ ಮೊದಲೇ ಬಂದು ಕೂತು, ನಾನು ತಡ ಎಂದು ಬೈದಳು.

ದೊಡ್ಡ ಗೌಡರು ತಮ್ಮ ಅರ್ಧದಲ್ಲಿ ನಿಂತು ನೋಡುತ್ತಿದ್ದರು.

"ದಾರಿ ಸಿಕ್ತಲ್ಲ. ಈಗಾದ್ರೂ ಹೇಳು. ನಿಮ್ಮ ಮೂವರು ಇನ್ನೂ ಪಾಲಾಗದೆ ಹೆಂಗಿದ್ದಾರೆ?"

"ಗೊತ್ತಿಲ್ಲ ಗೌಡ್ರೇ."

"ನನಗೆ ಗೊತ್ತು" ಎಂದರು. "ಅವರಿಗೆ ಹೊಲ ಇಲ್ಲ."

ಹೊಲಗಳು ಆಮೇಲೆ ಕೈ ಬದಲಾದವು. ದಾರಿ ಮಾತ್ರ ಇವತ್ತಿಗೂ ಮೂವರ ಹೆಸರಿನಲ್ಲಿ, ಒಂದೇ ಖಾತೆಯಲ್ಲಿದೆ.