ನಾರುಗಟ್ಟಿ ಕುಳಿತ ಇಬ್ಬರು ಮಹಾಶಯರಿಗೆ

ಪರಮ ಗೌರವಾನ್ವಿತ ಎಡ ಮತ್ತು ಬಲ ಮೂತ್ರಪಿಂಡಗಳ ಸನ್ನಿಧಿಗೆ, ಝೀಗೊಂಗ್‌ನ ಉಪ್ಪಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಾವಿಯ ಉಪ್ಪುನೀರು ಕಾಯಿಸಿ ನಿವೃತ್ತನಾದ, ತಮ್ಮಿಬ್ಬರ ಯಜಮಾನ ತಾನೇ ಎಂದು ಮೊನ್ನೆಯವರೆಗೆ ನಂಬಿದ್ದ ಕೌ ದೇಪಿಂಗ್ ಮಾಡುವ ಸವಿನಯ ವಂದನೆಗಳು.

ಮಾನ್ಯರೇ, ತಮ್ಮ ಸಹನೆಯನ್ನು ಹೊಗಳಲು ಮಾತು ಸಾಲದು. ಸೊಂಟ ನೋವಿಗೆಂದು ನಾನು ಕಡಲೆಕಾಯಿಯಂತೆ ತಿಂದ ಮಾತ್ರೆಗಳನ್ನೂ, ಏರಿದ ರಕ್ತದೊತ್ತಡವನ್ನೂ, ಸಂತೆಯಲ್ಲಿ ಹೆಸರು ಕೂಡ ಕೇಳದೆ ತಂದು ಕುಡಿದ ಬೇರಿನ ಪುಡಿಯನ್ನೂ ತುಟಿಪಿಟಕ್ಕೆನ್ನದೆ ಸಹಿಸಿದಿರಿ. ಗಾಯದ ಮೇಲೆ ಗಾಯ ಮಾಯ್ದು, ಬಲಿತ ಹೀರೇಕಾಯಿಯಂತೆ ಒಳಗೆಲ್ಲ ನಾರಾದ ಮೇಲೆ ರಕ್ತಪರೀಕ್ಷೆಯ ಚೀಟಿಯಲ್ಲಿ ತಿಳಿಸಿದಿರಿ. ಮೊದಲೇ ಒಂದು ಸಲ ಕೆಮ್ಮಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?

ಆಸ್ಪತ್ರೆಯ ಕೆಳಮಹಡಿಯ ಡಾಕ್ಟರ್ ಪೆಂಗ್ ತಮ್ಮನ್ನು ಜರಡಿ ಎಂದು ಕರೆದು, ಒತ್ತಡ ಇಳಿಸುವ ಮಾತ್ರೆ ಕೊಟ್ಟು, "ಹೋದದ್ದು ಹೋಯ್ತು ತಾತ, ಉಳಿದಿರೋದನ್ನ ಕಾಪಾಡ್ಕೊಳ್ಳೋಣ" ಎಂದರು. ಮೇಲ್ಮಹಡಿಯ ಹಿರಿಯ ವೈದ್ಯ ಔಯಾಂಗ್, ಡಾಕ್ಟರ್ ಪೆಂಗ್ ಬರೆದ ಚೀಟಿ ಓದಿ, ನನ್ನ ನಾಡಿ ಹಿಡಿದು, ತಾವು ಪ್ರಾಣದ ಬುಡ, ಛಲದ ಮನೆ ಎಂದು ಕೊಂಡಾಡಿ ಕಪ್ಪು ಕಷಾಯ ಬರೆದರು. ಜರಡಿಗೆ ಇಷ್ಟೊಂದು ಬಿರುದು ಸಿಕ್ಕರೆ ಸೊಕ್ಕು ಬಾರದೆ ಇರುತ್ತದೆಯೇ? ಆದರೆ ಎರಡೂ ಮಹಡಿಗಳು ಒಂದು ವಿಷಯದಲ್ಲಿ ಒಪ್ಪಿದವು: ಉಪ್ಪಿನ ಊರಿನವನು ಉಪ್ಪು ಬಿಡಬೇಕು.

ನನ್ನ ಹೆಂಡತಿ ಯುಚಿನ್ ದಿನಾ ಕಷಾಯ ಕುದಿಸಿ, ದಾರಿಹೋಕರು ತುಳಿದು ರೋಗವನ್ನು ಒಯ್ಯಲೆಂದು ಅದರ ಚರಟವನ್ನು ಮೂರು ದಾರಿ ಕೂಡುವಲ್ಲಿ ಸುರಿದು ಬರುತ್ತಾಳೆ. ಆ ಹತ್ತು ನಿಮಿಷದಲ್ಲಿ ನಾನು ಅವಳ ತಾಯಿ ಕೊಟ್ಟ ಭರಣಿಗೆ ಕೈಹಾಕಿ ಉಪ್ಪುನೀರಿನ ಮೂಲಂಗಿ ತಿನ್ನುತ್ತಿದ್ದೆ. ಇಷ್ಟು ವರ್ಷ ಮೌನವಾಗಿದ್ದ ತಾವು ಇದನ್ನು ಮಾತ್ರ ಮುಂದಿನ ಪರೀಕ್ಷೆಯಲ್ಲೇ ಚಾಡಿ ಹೇಳಿಬಿಟ್ಟಿರಿ. ಅವಳು ಬೈಯಲಿಲ್ಲ. "ಮುದುಕಾ, ಅವು ಕೈಕೊಟ್ರೆ ನಂದೊಂದು ತಗೋ, ನಂಗೆ ಒಂದೇ ಸಾಕು" ಎಂದಳು. ಸೂಜಿ ಕಂಡರೆ ಕಣ್ಣು ಮುಚ್ಚುವವಳು, ಮರುದಿನವೇ ಹೋಗಿ ಹೊಂದಿಕೆ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ಅಂದಿನಿಂದ ಮೂಲಂಗಿ ಗಂಟಲಲ್ಲಿ ಇಳಿಯುತ್ತಿಲ್ಲ.

ಆದ್ದರಿಂದ ಮಾನ್ಯರೇ, ನಾರಾದ ಭಾಗ ಮತ್ತೆ ಚಿಗುರಿಸಿಕೊಳ್ಳಿ ಎಂದು ಕೇಳಲಾರೆ, ಕೇಳಿದರೂ ತಾವು ಕೊಡಲಾರಿರಿ. ಉಳಿದಿರುವ ಚೂರಿನಲ್ಲೇ ಹೇಗಾದರೂ ದುಡಿಯಿರಿ. ಅವಳ ಮೈಗೆ ಕತ್ತಿ ತಾಗಬಾರದು, ನನಗೆ ಬೇಕಿರುವುದು ಇಷ್ಟೇ.

ತಮ್ಮ ವಿಶ್ವಾಸಿ, ಭರಣಿಯನ್ನು ತಾನೇ ಪಕ್ಕದ ಮನೆಗೆ ಹೊತ್ತೊಯ್ದು ಕೊಟ್ಟು ಬಂದ
ಕೌ ದೇಪಿಂಗ್

ತಾ.ಕ.: ತಾವು ಕೆಲಸ ಬಿಟ್ಟರೂ ತಮ್ಮನ್ನು ಹೊರಗೆ ಹಾಕುವುದಿಲ್ಲವಂತೆ, ತಮ್ಮ ಜೊತೆಗೇ ಯುಚಿನ್‌ಳದ್ದನ್ನು ಒಳಗೆ ಕೂರಿಸುತ್ತಾರಂತೆ. ಅದು ತಮ್ಮ ಹಾಗೆ ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿರುವ ಪೈಕಿಯಲ್ಲ. ಆಮೇಲೆ ನಮ್ಮ ಮೂವರ ಗತಿ ಏನು, ಸ್ವಲ್ಪ ಯೋಚಿಸಿ.